ತೋಟಾ ಬದಲಾದರೆ ತಡವರಿಸುವ ರೈಫಲ್: ಕೆಲವು ಟಿಪ್ಪಣಿಗಳು

ಎರಡು ಬೆಂಚು

ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಎರಡು ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು ಅಕ್ಕಪಕ್ಕದ ಬೆಂಚಿನ ಮೇಲಿವೆ. ಎರಡಕ್ಕೂ ಹಾಕುವುದು .22 ಲಾಂಗ್ ರೈಫಲ್ ತೋಟಾ. ಭಾವನ ರೈಫಲ್ ತಾಮ್ರಬಣ್ಣದ ಗುಂಡಿನ ಅಗ್ಗದ ತೋಟಾಗಳನ್ನು ತಡೆಯಿಲ್ಲದೆ ಹಾರಿಸುತ್ತದೆ. ಅದಕ್ಕೇ ಮೇಣ ಸವರಿದ ಸೀಸದ ಗುಂಡಿನ ದುಬಾರಿ ತೋಟಾ ತುಂಬಿದರೆ ಆಗಾಗ ಸಿಕ್ಕಿಕೊಳ್ಳುತ್ತದೆ. ಖಾಲಿ ಕೇಸು ಹೊರಗೆ ಹಾರುವ ಬದಲು ಬೋಲ್ಟಿನ ಬಾಯಿಗೆ ಸಿಕ್ಕಿ ನೆಟ್ಟಗೆ ನಿಂತುಬಿಡುತ್ತದೆ. ಪಕ್ಕದ ಬೆಂಚಿನ ಹಿರಿಯರ ರೈಫಲ್ ಇದಕ್ಕೆ ತದ್ವಿರುದ್ಧ. ದುಬಾರಿಯದ್ದು ಅದಕ್ಕೆ ಸಲೀಸು. ಅಗ್ಗದ್ದು ಹಾಕಿದರೆ ಕೇಸು ಚೇಂಬರಿನೊಳಗೇ ಅಂಟಿಕೊಳ್ಳುತ್ತದೆ.

ರೈಫಲ್ ಕೆಟ್ಟಿದೆ ಎನ್ನೋಣವೆಂದರೆ ಇನ್ನೊಂದು ಡಬ್ಬಿಯ ತೋಟಾ ಅದರಲ್ಲೇ ಸೊಗಸಾಗಿ ಓಡುತ್ತದೆ. ತೋಟಾ ಕೆಟ್ಟಿದೆ ಎನ್ನೋಣವೆಂದರೆ ಅದೇ ಡಬ್ಬಿಗೆ ಪಕ್ಕದ ಬೆಂಚಿನಲ್ಲಿ ಯಾವ ತಕರಾರೂ ಇಲ್ಲ. ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಭರವಸೆ ಎಂಬ ಅಂಗಡಿಯ ಲೆಕ್ಕವಂತೂ ಇಲ್ಲಿ ನಡೆಯುವುದೇ ಇಲ್ಲ.

ನಾನು ಹೊಡೆಯುವುದಿಲ್ಲ. ಓಹಾಯೋದ ಈ ರೇಂಜಿಗೆ ಭಾವನ ಜೊತೆ ಬಂದು, ಕಿವಿ ಮುಚ್ಚಿಕೊಂಡು, ಹಿಂದಿನ ಸಾಲಿನಲ್ಲಿ ಕೂತು ಕಂಡದ್ದನ್ನು ಬರೆದುಕೊಳ್ಳುತ್ತೇನೆ.

“ರೈಫಲ್ಲಿಗೆ ಎಂಥದೂ ಆಗಿಲ್ಲ ಮಾರಾಯ. ಇದಕ್ಕೆ ಈ ತೋಟಾ ಒಗ್ಗಲ್ಲ, ಅಷ್ಟೆ.”

“ಕಬ್ಬಿಣಕ್ಕೆ ಒಗ್ಗೋದು, ಒಗ್ಗದೇ ಇರೋದು ಅಂತ ಹೇಗಿರತ್ತೆ ಭಾವ?”

ಕೆಳಗಿನದೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಊರಿನ ಕೋವಿಗೆ ಈ ರೋಗವಿಲ್ಲ

ನಮ್ಮ ಮಲೆನಾಡಿನ ಕಡೆ ಮನೆಯಲ್ಲಿದ್ದದ್ದು ಒಂಟಿ ನಳಿಗೆಯ ತೋಟಾ ಕೋವಿ. ಮಡಚಿ ತೆರೆಯಬೇಕು, ತೋಟಾ ಇಡಬೇಕು, ಮುಚ್ಚಬೇಕು, ಈಡು ಹಾರಿಸಬೇಕು, ಮತ್ತೆ ತೆರೆದು ಖಾಲಿ ತೋಟಾ ಕಿತ್ತು ಬಿಸಾಕಬೇಕು. ಎಲ್ಲವೂ ಕೈಯ ಕೆಲಸ. ತೋಟಾ ಸಪ್ಪೆಯಾಗಿದ್ದರೆ ಗುರಿಗೆ ಪೆಟ್ಟು ಕಡಿಮೆಯಾದೀತು; ಕೋವಿ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಕೈಯಿಂದಲೇ ಎಳೆದು ತಳ್ಳುವ ಬೋಲ್ಟ್ ಆಕ್ಷನ್ ರೈಫಲ್ಲಿನದೂ ಇದೇ ಕಥೆ.

ಸೆಮಿ ಆಟೋಮ್ಯಾಟಿಕ್‌ನಲ್ಲಿ ಆ ಕೈಯ ಕೆಲಸವನ್ನು ತೋಟಾಕ್ಕೆ ವಹಿಸಲಾಗಿದೆ. ಟ್ರಿಗರ್ ಒತ್ತುವುದಷ್ಟೇ ಮನುಷ್ಯನದು. ಕೇಸು ಕೀಳುವುದು, ಹೊರಗೆಸೆಯುವುದು, ಸುತ್ತಿಗೆಯನ್ನು ಮತ್ತೆ ಹೂಡುವುದು, ಸ್ಪ್ರಿಂಗನ್ನು ಮುದುರುವುದು, ಈ ನಾಲ್ಕೂ ಆಗಷ್ಟೇ ಸಿಡಿದ ಮದ್ದಿನ ಬಲದಿಂದ ಆಗಬೇಕು. ಮುಂದಿನ ತೋಟಾವನ್ನು ಚೇಂಬರಿಗೆ ದೂಡುವುದು ಸ್ಪ್ರಿಂಗು, ಆದರೆ ಅದು ಖರ್ಚು ಮಾಡುವುದೂ ಹಿಂದಿನ ತೋಟಾ ಕೊಟ್ಟ ಬಲವನ್ನೇ. ಹೀಗಾಗಿ ತೋಟಾ ಇಲ್ಲಿ ಯಂತ್ರದೊಳಗಿನ ಒಂದು ಭಾಗ. ಡಬ್ಬಿ ಬದಲಿಸಿದಾಗಲೆಲ್ಲ ಯಂತ್ರದ ಒಂದು ಭಾಗವನ್ನೇ ಬದಲಿಸಿದ ಹಾಗಾಯಿತು.

ಬೀಗವಿಲ್ಲದ ಬಾಗಿಲು

ಹೆಚ್ಚಿನ .22 ಸೆಮಿ ಆಟೋಮ್ಯಾಟಿಕ್‌ಗಳದ್ದು ಬ್ಲೋಬ್ಯಾಕ್ ಪದ್ಧತಿ. ಚೇಂಬರಿನ ಹಿಂದೆ ಬೋಲ್ಟ್ ನಿಂತಿರುತ್ತದೆ, ಆದರೆ ಅದಕ್ಕೆ ಬೀಗ ಹಾಕುವ ಏರ್ಪಾಡು ಇಲ್ಲ. ಅದರ ತೂಕ ಮತ್ತು ಹಿಂದಿನ ಸ್ಪ್ರಿಂಗು, ಇವೆರಡೇ ಕಾವಲು. ಗುಂಡು ಮುಂದಕ್ಕೆ ಓಡುವಾಗ ಉರಿದ ಮದ್ದಿನ ಗಾಳಿಯ ಒತ್ತಡ ಕೇಸನ್ನು ಹಿಂದಕ್ಕೆ ತಳ್ಳುತ್ತದೆ, ಕೇಸು ಬೋಲ್ಟನ್ನು ತಳ್ಳುತ್ತದೆ. ಗುಂಡು ಹಗುರ, ಬೋಲ್ಟ್ ಭಾರ. ಆದ್ದರಿಂದ ಗುಂಡು ನಳಿಗೆ ದಾಟುವಷ್ಟರಲ್ಲಿ ಬೋಲ್ಟ್ ಚೂರೇ ಸರಿದಿರುತ್ತದೆ. ಒತ್ತಡ ಇಳಿದ ಮೇಲೆ ತನ್ನ ಓಟದ ಬಲದಿಂದಲೇ ಉಳಿದ ದಾರಿ ಹೋಗುತ್ತದೆ.

ಜೋಕಾಲಿಯನ್ನು ಒಮ್ಮೆ ನೂಕಿ ಕೈಬಿಟ್ಟಂತೆ ಇದು. ನೂಕು ಸಾಕಷ್ಟಿದ್ದರೆ ಆ ತುದಿ ಮುಟ್ಟುತ್ತದೆ, ಸಾಲದಿದ್ದರೆ ಅರ್ಧದಲ್ಲೇ ಹಿಂದಿರುಗುತ್ತದೆ. ಅರ್ಧದಲ್ಲಿ ಹಿಂದಿರುಗಿದ ಬೋಲ್ಟ್ ಏನು ಮಾಡುತ್ತದೆ ಎಂಬುದನ್ನು ಬೆಂಚಿನ ಹಿಂದೆ ಕೂತೇ ಓದಬಹುದು. ತೀರ ಕಡಿಮೆ ಸರಿದಿದ್ದರೆ ಖಾಲಿ ಕೇಸನ್ನೇ ಮತ್ತೆ ಒಳಗೆ ದೂಡುತ್ತದೆ. ಸ್ವಲ್ಪ ಹೆಚ್ಚು ಸರಿದಿದ್ದರೆ ಕೇಸು ಅರ್ಧ ಹೊರಬಂದು ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಸ್ವಲ್ಪ ಸರಿದಿದ್ದರೆ ಕೇಸು ಹೊರಗೆ ಹಾರುತ್ತದೆ, ಆದರೆ ಬೋಲ್ಟ್ ಮುಂದಿನ ತೋಟಾದ ಹಿಂದಕ್ಕೆ ಹೋಗಿರುವುದಿಲ್ಲ. ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಳ್ಳುತ್ತದೆ. ಮೂರೂ ಬೇರೆ ಬೇರೆ ಕಾಯಿಲೆಯಂತೆ ಕಂಡರೂ ಬಲದ ಕೊರತೆಯೇ ಮೂರಕ್ಕೂ ಕಾರಣವಾಗಿರಬಹುದು.

ಡಬ್ಬಿಯ ಮೇಲಿನ ಅಂಕಿಗಳಿಂದ ಒಂದು ಲೆಕ್ಕ

ಸಾಮಾನ್ಯವಾಗಿ ಡಬ್ಬಿಯ ಮೇಲೆ ಗುಂಡಿನ ತೂಕ ಗ್ರೇನ್‌ಗಳಲ್ಲಿ, ವೇಗ ಸೆಕೆಂಡಿಗೆ ಇಷ್ಟು ಅಡಿ ಎಂದು ಅಚ್ಚಾಗಿರುತ್ತದೆ. 40 ಗ್ರೇನ್ ಎಂದರೆ ಸುಮಾರು 2.6 ಗ್ರಾಂ. ತೂಕ ಮತ್ತು ವೇಗ ಗುಣಿಸಿದರೆ ಸಂವೇಗ. ಗುಂಡಿಗೆ ಎಷ್ಟು ಸಂವೇಗವೋ ಬೋಲ್ಟಿಗೂ ಹಿಮ್ಮುಖವಾಗಿ ಅಷ್ಟೇ. ಮದ್ದಿನ ಗಾಳಿಯ ಪಾಲು ಇದರ ಮೇಲೆ ಚೂರು ಸೇರುತ್ತದೆ. ಅದನ್ನು ಬಿಟ್ಟು, ಬೋಲ್ಟ್ 200 ಗ್ರಾಂ ಇದೆ ಎಂದಿಟ್ಟುಕೊಂಡು, ಆ ಸಂವೇಗದಿಂದ ಬೋಲ್ಟಿಗೆ ಬರುವ ಚಲನಶಕ್ತಿಗೆ ಭಾವನ ಜೊತೆ ಕೂತು ಹಾಕಿದ ಲೆಕ್ಕ:

ಸಾಧಾರಣ ವೇಗದ ತೋಟಾ, 40 ಗ್ರೇನ್, ಸೆಕೆಂಡಿಗೆ 1070 ಅಡಿ: ಬೋಲ್ಟಿಗೆ ಸಿಗುವ ಶಕ್ತಿ ಸುಮಾರು 1.8 ಜೂಲ್.

ಹೈ ವೆಲಾಸಿಟಿ, ಸಿಸಿಐ ಮಿನಿ ಮ್ಯಾಗ್, 40 ಗ್ರೇನ್, 1235 ಅಡಿ: ಸುಮಾರು 2.4 ಜೂಲ್.

ಅತಿವೇಗದ ಸಿಸಿಐ ಸ್ಟಿಂಗರ್, 32 ಗ್ರೇನ್, 1640 ಅಡಿ: ಸುಮಾರು 2.7 ಜೂಲ್.

ಸದ್ದು ಕಡಿಮೆ ಮಾಡಲೆಂದೇ ತಯಾರಿಸಿದ ಸಿಸಿಐ ಕ್ವಾಯಟ್, 40 ಗ್ರೇನ್, 710 ಅಡಿ: ಸುಮಾರು 0.8 ಜೂಲ್.

ಮದ್ದಿನ ಪುಡಿಯೇ ಇಲ್ಲದೆ ಅಂಚಿನ ಸಿಡಿಮದ್ದಿನಿಂದಷ್ಟೇ ಓಡುವ ಅಗಿಲಾ ಸೂಪರ್ ಕೋಲಿಬ್ರಿ, 20 ಗ್ರೇನ್, 500 ಅಡಿ: 0.1 ಜೂಲ್.

ತೋಟಾದ ಹೆಸರು ಒಂದೇ ಜಾತಿಯದು, ಚೇಂಬರೂ ಒಂದೇ. ಬೋಲ್ಟಿಗೆ ಸಿಗುವ ಶಕ್ತಿಯಲ್ಲಿ ಮಾತ್ರ ಇಪ್ಪತ್ತೇಳು ಪಟ್ಟು ಅಂತರ. 1.8 ಜೂಲ್‌ಗೆ ಹೊಂದಿಸಿದ ಸ್ಪ್ರಿಂಗು 0.8 ಜೂಲ್‌ಗೆ ಮಣಿಯದೆ ನಿಂತರೆ ಅದರಲ್ಲಿ ಆಶ್ಚರ್ಯವಿಲ್ಲ.

ನಿಧಾನದ ಗುಂಡು ಹೆಚ್ಚು ಬಲವಾಗಿ ತಳ್ಳುವುದು ಹೇಗೆ?

ಮೇಲಿನ ಪಟ್ಟಿಯಲ್ಲಿ ಒಂದು ಸಂಗತಿ ಕಣ್ಣಿಗೆ ಚುಚ್ಚಿತು. ಸ್ಟಿಂಗರ್‌ನ ವೇಗ ಮಿನಿ ಮ್ಯಾಗ್‌ಗಿಂತ ಮೂರನೇ ಒಂದು ಪಾಲು ಹೆಚ್ಚು, ಆದರೆ ಸಂವೇಗ ಶೇ. 6ರಷ್ಟು ಮಾತ್ರ ಹೆಚ್ಚು. ಗುಂಡು ಹಗುರವಾದ್ದರಿಂದ ವೇಗದ ಲಾಭ ಬೋಲ್ಟಿಗೆ ಅಷ್ಟಾಗಿ ತಲುಪುವುದಿಲ್ಲ.

ಇದರ ಇನ್ನೊಂದು ತುದಿ ಅಗಿಲಾದವರ ಸ್ನೈಪರ್ ಸಬ್‌ಸಾನಿಕ್. ಗುಂಡು 60 ಗ್ರೇನ್, ವೇಗ 950 ಅಡಿ, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ಲೆಕ್ಕ ಹಾಕಿದರೆ ಬೋಲ್ಟಿಗೆ 3.2 ಜೂಲ್! ಪಟ್ಟಿಯಲ್ಲಿ ಎಲ್ಲಕ್ಕಿಂತ ವೇಗದ ತೋಟಾಕ್ಕಿಂತ ಈ ನಿಧಾನದ ತೋಟಾವೇ ಬೋಲ್ಟನ್ನು ಜೋರಾಗಿ ತಳ್ಳುತ್ತದೆ. “ಸಬ್‌ಸಾನಿಕ್ ತೋಟಾ ಸೆಮಿ ಆಟೋಮ್ಯಾಟಿಕ್‌ನಲ್ಲಿ ಓಡಲ್ಲ” ಎಂದು ರೇಂಜಿನಲ್ಲಿ ಎಲ್ಲರೂ ಹೇಳುವ ಮಾತು ಈ ಒಂದು ಡಬ್ಬಿಯ ಮುಂದೆ ನಿಲ್ಲುವುದಿಲ್ಲ. ನೋಡಬೇಕಾದ್ದು ವೇಗವನ್ನಲ್ಲ, ತೂಕ ಮತ್ತು ವೇಗ ಎರಡನ್ನೂ ಗುಣಿಸಿದ ಫಲವನ್ನು.

ಸಿಸಿಐ ಕಂಪನಿಯೇ ಇದನ್ನು ಬಳಸಿಕೊಂಡಿದೆ. ಸೆಮಿ ಆಟೋಮ್ಯಾಟಿಕ್‌ಗೆಂದೇ ತಯಾರಿಸಿದ ಅವರ ಇನ್ನೊಂದು ಕ್ವಾಯಟ್ ತೋಟಾದಲ್ಲಿ ಗುಂಡಿನ ತೂಕ 45 ಗ್ರೇನ್, ವೇಗ 835 ಅಡಿ. ಸದ್ದು ಆಗಲೂ ಕಡಿಮೆಯೇ, ಬೋಲ್ಟಿಗೆ ಮಾತ್ರ 1.4 ಜೂಲ್ ಸಿಗುತ್ತದೆ.

60 ಗ್ರೇನ್ ಗುಂಡಿಗೆ ಬೇರೆ ಫಜೀತಿ ಇದೆ. ಉದ್ದದ ಗುಂಡು ಸ್ಥಿರವಾಗಿ ಹಾರಬೇಕಾದರೆ ನಳಿಗೆಯೊಳಗಿನ ಸುರುಳಿ ಬಿಗಿಯಾಗಿರಬೇಕು, 9 ಇಂಚಿಗೆ ಒಂದು ಸುತ್ತು. ಸಾಮಾನ್ಯ .22 ನಳಿಗೆಯಲ್ಲಿ ಸುತ್ತು 16 ಇಂಚಿಗೊಂದು. ಅಂಥ ನಳಿಗೆಯಿಂದ ಹೊರಟ ಈ ಗುಂಡು ಹೊರಳಾಡುತ್ತ ಹೋಗಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಬೋಲ್ಟ್ ಓಡಿತು, ಗುರಿ ತಪ್ಪಿತು. ಹಾಗಾದರೆ ಇದನ್ನು ನಂಬಿಕಸ್ಥ ಜೋಡಿ ಎನ್ನುವುದು ಹೇಗೆ?

ಎರಡು ಜೂಲಿನ ಸಂಸಾರ

2 ಜೂಲ್ ಎಂದರೆ 200 ಗ್ರಾಂ ತೂಕವನ್ನು 1 ಮೀಟರ್ ಎತ್ತುವಷ್ಟು ಶಕ್ತಿ. ಈ ಯಂತ್ರದ ಆದಾಯ ಅಷ್ಟೇ. ಮೇಲೆ ಹೇಳಿದ ಖರ್ಚುಗಳೆಲ್ಲ ಅದರಲ್ಲೇ ತೀರಬೇಕು. ಬೋಲ್ಟಿನ ಜಾಡಿನಲ್ಲಿ ಕೂತ ಮಸಿ, ಸೀಸದ ಪುಡಿ, ಗಟ್ಟಿಯಾದ ಎಣ್ಣೆ, ಪ್ರತಿಯೊಂದೂ ಅದರಿಂದ ಪಾಲು ಕೇಳುತ್ತದೆ.

ಮದ್ದು ಹೆಚ್ಚು ತುಂಬಿ ಆದಾಯ ಹೆಚ್ಚಿಸಬಾರದೇಕೆ? ತೋಟಾದ ರಚನೆಯೇ ಬಿಡುವುದಿಲ್ಲ. ಇದರ ಸಿಡಿಮದ್ದು ಇರುವುದು ಕೇಸಿನ ತಳದ ಟೊಳ್ಳು ಅಂಚಿನೊಳಗೆ. ಪಿನ್ನು ಬಡಿದಾಗ ಆ ಅಂಚು ನಜ್ಜುಗುಜ್ಜಾಗಬೇಕು, ಹಾಗಾಗಲು ಹಿತ್ತಾಳೆ ತೆಳುವಾಗಿರಬೇಕು. ತೆಳು ಹಿತ್ತಾಳೆ ಹೆಚ್ಚು ಒತ್ತಡ ತಡೆಯದು. ಅಮೆರಿಕದ ತಯಾರಕರ ಮಾನದಂಡದಲ್ಲಿ .22 ಲಾಂಗ್ ರೈಫಲ್ಲಿನ ಗರಿಷ್ಠ ಒತ್ತಡ ಚದರ ಇಂಚಿಗೆ 24,000 ಪೌಂಡು. ನಡುವೆ ಸಿಡಿಗುಳಿಗೆ ಇರುವ .223 ರೆಮಿಂಗ್ಟನ್ ತೋಟಾಕ್ಕೆ ಅದೇ ಮಾನದಂಡ 55,000 ಪೌಂಡು ಬಿಟ್ಟುಕೊಡುತ್ತದೆ. ಆ ದೊಡ್ಡ ರೈಫಲ್‌ಗಳು ಚಿಕ್ಕಪುಟ್ಟ ಕೊಳೆಯನ್ನು ತಳ್ಳಿಕೊಂಡು ಹೋಗುತ್ತವೆ. .22ಕ್ಕೆ ಆ ಉಳಿತಾಯವಿಲ್ಲ.

ಬಲ ಹೆಚ್ಚಾದರೂ ಕ್ಷೇಮವಿಲ್ಲ. ಬೋಲ್ಟ್ ಹಿಂದಿನ ತಡೆಗೆ ಬಡಿದು ಪುಟಿದು, ಮ್ಯಾಗಜೀನಿನ ಸ್ಪ್ರಿಂಗು ಮುಂದಿನ ತೋಟಾವನ್ನು ಮೇಲೆತ್ತುವ ಮೊದಲೇ ಮುಂದಕ್ಕೆ ಬಂದುಬಿಟ್ಟರೆ ಆಗಲೂ ಚೇಂಬರು ಖಾಲಿ. ನೋಡುವವನಿಗೆ ಬಲ ಸಾಲದ್ದಕ್ಕೂ ಹೆಚ್ಚಾದದ್ದಕ್ಕೂ ಒಂದೇ ಲಕ್ಷಣ!

ಚಳಿಗಾಲದ ಪುಟ

ಜನವರಿ. ಹೊರಗೆ ಹಿಮ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಸಾಧಾರಣ ವೇಗದ ತೋಟಾ ಈ ದಿನ ಮೊದಲ ಮ್ಯಾಗಜೀನಿನಲ್ಲೇ ತಡವರಿಸಿತು. ಬೋಲ್ಟಿಗೆ ಹಾಕಿದ ಎಣ್ಣೆ ಮಂದವಾಗಿದೆ, ಗುಂಡಿನ ಮೇಲಿನ ಮೇಣ ಗಟ್ಟಿಯಾಗಿದೆ. ಭಾವ ಬೋಲ್ಟ್ ಬಿಚ್ಚಿ, ಎಣ್ಣೆ ಒರೆಸಿ, ತೆಳುವಾದದ್ದನ್ನು ಒಂದು ಹನಿ ಸವರಿದ. ಮತ್ತೆ ಓಡಿತು.

ತೋಟಾ ಅದೇ, ರೈಫಲ್ ಅದೇ, ಹವೆ ಬೇರೆ. ಹಾಗಾದರೆ ಲೆಕ್ಕಕ್ಕೆ ಮೂರನೆಯ ಅಂಕಣ ಬೇಕು.

ಅಂಚಿನೊಳಗಿನ ಸಿಡಿಮದ್ದು

ಇನ್ನೊಂದು ಬಗೆಯ ತಡೆ. ಟ್ರಿಗರ್ ಒತ್ತಿದರೆ ಟಿಕ್ ಎಂಬ ಸದ್ದು ಮಾತ್ರ. ಭಾವ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಸುಮ್ಮನೆ ಕೂರುತ್ತಾನೆ. ತಡವಾಗಿ ಸಿಡಿಯುವ ತೋಟಾ ಇದ್ದರೆ ಅಷ್ಟರಲ್ಲಿ ಸಿಡಿಯಲಿ ಎಂದು. ಆಮೇಲೆ ತೆಗೆದು ನೋಡಿದರೆ ಅಂಚಿನ ಮೇಲೆ ಪಿನ್ನಿನ ಗುರುತು ಆಳವಾಗಿಯೇ ಬಿದ್ದಿದೆ. ಅದನ್ನೇ ಸ್ವಲ್ಪ ತಿರುಗಿಸಿ ಮತ್ತೆ ಹಾಕಿದ, ಸಿಡಿಯಿತು.

ರಿಮ್‌ಫೈರ್ ತೋಟಾದಲ್ಲಿ ಬೇರೆ ಸಿಡಿಗುಳಿಗೆ ಇಲ್ಲ. ಒದ್ದೆಯಾದ ಸಿಡಿಮದ್ದನ್ನು ಖಾಲಿ ಕೇಸಿನ ತಳಕ್ಕೆ ಹಾಕಿ, ಗಿರ್ರನೆ ತಿರುಗಿಸಿ, ಟೊಳ್ಳಾದ ಅಂಚಿನ ಸುತ್ತಲೂ ಹರಡುವಂತೆ ಮಾಡುತ್ತಾರೆ. ಅಂಚಿನ ಒಂದು ಜಾಗದಲ್ಲಿ ಅದು ತಲುಪದೆ ಉಳಿದಿದ್ದು, ಪಿನ್ನು ಅಲ್ಲೇ ಬಡಿದರೆ ಕಿಡಿ ಹುಟ್ಟುವುದಿಲ್ಲ. ತಿರುಗಿಸಿದಾಗ ಮದ್ದಿರುವ ಜಾಗಕ್ಕೆ ಪೆಟ್ಟು ಬೀಳುತ್ತದೆ. ಇದು ತೋಟಾದ ದೋಷ, ಸಂಶಯವಿಲ್ಲ. ಪಿನ್ನಿನ ಗುರುತು ತೆಳುವಾಗಿದ್ದರೆ ಮಾತ್ರ ರೈಫಲ್ಲಿನ ಕಡೆ ನೋಡಬೇಕು: ಸವೆದ ಪಿನ್ನು, ಸೋತ ಸ್ಪ್ರಿಂಗು, ಪೂರ್ತಿ ಮುಚ್ಚದ ಬೋಲ್ಟು. ಸಿಡಿಯದ ತೋಟಾದ ಅಂಚನ್ನು ಓದಿದರೆ ತಪ್ಪು ಯಾರದೆಂದು ತಿಳಿಯುವ ಒಂದೇ ಜಾಗ ಇದು.

ಗುಂಡಿನ ಹೊರಮೈ

.22 ಲಾಂಗ್ ರೈಫಲ್ ತೋಟಾವನ್ನು ಅಮೆರಿಕದ ಸ್ಟೀವನ್ಸ್ ಕಂಪನಿ ತಂದದ್ದು 1887ರಲ್ಲಿ. ಆಗ ಈ ಅಳತೆಯ ಸೆಮಿ ಆಟೋಮ್ಯಾಟಿಕ್ ರೈಫಲ್ ಇರಲಿಲ್ಲ. ಮುಂದೊಂದು ದಿನ ಈ ತೋಟಾ ಯಂತ್ರ ಓಡಿಸಬೇಕಾದೀತು ಎಂಬುದು ಅದರ ವಿನ್ಯಾಸದಲ್ಲೇ ಇಲ್ಲ.

ಅದರ ಗುಂಡಿಗೂ ಕೇಸಿಗೂ ಹೊರಗಿನ ದಪ್ಪ ಒಂದೇ. ಗುಂಡಿನ ಹಿಂಭಾಗವನ್ನಷ್ಟೇ ಸಣ್ಣದಾಗಿಸಿ ಕೇಸಿನೊಳಗೆ ಸಿಕ್ಕಿಸಿರುತ್ತಾರೆ. ಹಾಗಾಗಿ ಜಾರಲೆಂದು ಸವರಿದ ಮೇಣವೆಲ್ಲ ಹೊರಗೇ ತೆರೆದಿರುತ್ತದೆ. ಧೂಳು ಅಂಟುತ್ತದೆ, ಮ್ಯಾಗಜೀನಿಗೆ ಮೆತ್ತುತ್ತದೆ, ಚೇಂಬರಿನ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ಬೋಲ್ಟ್ ಆಕ್ಷನ್‌ನಲ್ಲಿ ಹೆಬ್ಬೆರಳಿನ ಒತ್ತಡ ಇದನ್ನೆಲ್ಲ ದಾಟಿಸುತ್ತದೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಒಳಗೆ ದೂಡುವುದು ಸ್ಪ್ರಿಂಗು ಮಾತ್ರ.

ತಾಮ್ರದ ತೆಳು ಲೇಪವಿರುವ ಗುಂಡು ಗಟ್ಟಿ, ನುಣುಪು. ಮ್ಯಾಗಜೀನಿನಿಂದ ಚೇಂಬರಿಗೆ ಒಯ್ಯುವ ಇಳಿಜಾರಿನ ಮೇಲೆ ಸುಲಭವಾಗಿ ಜಾರುತ್ತದೆ. ಭಾವನ ರೈಫಲ್ಲಿಗೆ ಅಗ್ಗದ ತೋಟಾ ಒಗ್ಗುವುದಕ್ಕೆ ಅದರ ಹೆಚ್ಚಿನ ಬಲದ ಜೊತೆಗೆ ಇದೂ ಕಾರಣ. ಮೊಂಡು ಮೂತಿಯ ಗುಂಡು, ತುದಿಯಲ್ಲಿ ತೂತಿರುವ ಗುಂಡು ಕೆಲವು ರೈಫಲ್‌ಗಳಲ್ಲಿ ಇಳಿಜಾರಿನ ಅಂಚಿಗೆ ತಾಗಿ ನಿಲ್ಲುತ್ತವೆ. ಉರುಟು ಮೂತಿಯದಕ್ಕೆ ಆ ತೊಂದರೆ ಕಡಿಮೆ. ನೂರಾರು ತೋಟಾಗಳನ್ನು ಒಂದೇ ಡಬ್ಬಿಗೆ ಸುರಿದು ಮಾರುವಲ್ಲಿ ಅವು ಒಂದಕ್ಕೊಂದು ತಿಕ್ಕಿ ಮೇಣ ಉದುರುವುದೂ ಉಂಟು, ಮೆತ್ತನೆಯ ಸೀಸದ ಮೂತಿ ಜಜ್ಜುವುದೂ ಉಂಟು.

ಪಕ್ಕದ ಬೆಂಚಿನ ಗುಟ್ಟು

ಹಿರಿಯರನ್ನೇ ಕೇಳಿದೆ. ಹೊರಗೆ ನೋಡಲು ಭಾವನದರಂತೆಯೇ ಇರುವ ರೈಫಲ್ಲಿನ ನಳಿಗೆಯನ್ನು ಅವರು ಬದಲಿಸಿದ್ದಾರೆ, ಸ್ಪ್ರಿಂಗನ್ನೂ ಹಗುರದ್ದು ಹಾಕಿದ್ದಾರೆ. ಹೊಸ ನಳಿಗೆಯ ಚೇಂಬರು ಬಿಗಿ. ಗುರಿ ನಿಖರವಾಗಬೇಕಾದರೆ ಗುಂಡು ಸುರುಳಿಯ ಬಾಯಿಗೆ ಹತ್ತಿರ, ನೇರವಾಗಿ ಕೂರಬೇಕು. ಸಡಿಲ ಚೇಂಬರಿನಲ್ಲಿ ಅದು ಚೂರು ವಾಲುತ್ತದೆ.

ಬಿಗಿ ಚೇಂಬರಿಗೆ ಅಳತೆ ಒಂದೇ ಸಮನಾಗಿರುವ ತೋಟಾ ಬೇಕು. ದುಬಾರಿ ಡಬ್ಬಿಯಲ್ಲಿ ಸಿಗುವುದು ಅದೇ. ಹಗುರ ಸ್ಪ್ರಿಂಗಿನಿಂದಾಗಿ ಅದರ ಮೆದು ಬಲವೂ ಅವರಿಗೆ ಸಾಕಾಗುತ್ತದೆ. ಅಗ್ಗದ ಡಬ್ಬಿಯಲ್ಲಿ ಒಂದು ಕೇಸು ಕೂದಲೆಳೆ ದಪ್ಪಗಿದ್ದರೂ ಅಲ್ಲಿ ಅಂಟಿಕೊಳ್ಳುತ್ತದೆ. ಸ್ಟಿಂಗರ್‌ನ ಕೇಸಂತೂ ಮಾಮೂಲಿಗಿಂತ ಉದ್ದ. ಬಿಗಿ ಚೇಂಬರಿನ ನಳಿಗೆ ಮಾಡುವವರು ಅದನ್ನು ಹಾಕಬೇಡಿ ಎಂದೇ ಎಚ್ಚರಿಸುತ್ತಾರೆ. ನಿಖರತೆಗೂ ಓಟಕ್ಕೂ ನಡುವಿನ ರಾಜಿಯಾಗಿ ಬೆಂಟ್ಜ್ ಎಂಬ ಚೇಂಬರಿನ ಅಳತೆ ಬಂದಿದೆ: ಸ್ಪರ್ಧೆಯದಕ್ಕಿಂತ ಸಡಿಲ, ಮಾಮೂಲಿಯದಕ್ಕಿಂತ ಬಿಗಿ.

ಮೊದಲ ದಿನದ ಒಗಟನ್ನು ಅರ್ಧ ಬಿಡಿಸಿದಂತಾಯಿತು. ಅವು ಒಂದೇ ಹೆಸರಿನ ಎರಡು ಬೇರೆ ಯಂತ್ರಗಳು.

ಅಂಚಿಗೆ ಅಂಚು

ಹೊರಚಾಚಿದ ಅಂಚು ಮ್ಯಾಗಜೀನಿನಲ್ಲೂ ಕಾಡುತ್ತದೆ. ಒಂದರ ಮೇಲೊಂದು ಪೇರಿಸುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಬಿದ್ದರೆ ಬೋಲ್ಟ್ ಒಂದನ್ನು ದೂಡುವಾಗ ಇನ್ನೊಂದೂ ಸಿಕ್ಕಿಬೀಳುತ್ತದೆ. 1960ರಲ್ಲಿ ಬಂದ ಮಾರ್ಲಿನ್ ಮಾಡೆಲ್ 60 ಇದನ್ನು ನಳಿಗೆಯ ಕೆಳಗಿನ ಕೊಳವೆಯಿಂದ ತಪ್ಪಿಸಿತು. ತೋಟಾಗಳು ಅಲ್ಲಿ ಒಂದರ ಹಿಂದೊಂದು ಸಾಲಾಗಿ ಮಲಗುತ್ತವೆ. 1964ರ ರೂಗರ್ 10/22 ತಿರುಗುವ ಮ್ಯಾಗಜೀನ್ ತಂದಿತು. ಒಳಗಿನ ಹಲ್ಲುಗಳ ಉರುಳೆಯಲ್ಲಿ ಹತ್ತು ತೋಟಾಗಳಿಗೆ ಹತ್ತು ಬೇರೆ ಬೇರೆ ಮನೆ, ಅಂಚಿಗೆ ಅಂಚು ತಾಗುವ ಪ್ರಶ್ನೆಯೇ ಇಲ್ಲ. ಜನ ಅದನ್ನು ನಂಬುವುದಕ್ಕೆ ಆ ಮ್ಯಾಗಜೀನು ದೊಡ್ಡ ಕಾರಣ. ತೋಟಾ ಯಾವುದೇ ಇರಲಿ, ಈ ಒಂದು ಜಾಗದಲ್ಲಿ ತಕರಾರನ್ನು ವಿನ್ಯಾಸವೇ ತಡೆದಿದೆ.

1903: ರೈಫಲ್ಲಿನ ಜೊತೆಗೇ ತೋಟಾ

ಓದುತ್ತ ಹೋದಂತೆ ಈ ಒಗಟು ಎಷ್ಟು ಹಳೆಯದೆಂದು ತಿಳಿಯಿತು. ವಿಂಚೆಸ್ಟರ್ ಕಂಪನಿ ತನ್ನ ಮೊದಲ .22 ಸೆಮಿ ಆಟೋಮ್ಯಾಟಿಕ್ ತಂದದ್ದು 1903ರಲ್ಲಿ. ವಿನ್ಯಾಸ ಥಾಮಸ್ ಕ್ರಾಸ್ಲಿ ಜಾನ್ಸನ್‌ರದು. ಆ ಕಾಲಕ್ಕೆ .22 ಲಾಂಗ್ ರೈಫಲ್ ತೋಟಾ ಅಂಗಡಿಯಲ್ಲಿ ಕರಿಮದ್ದಿನದೂ ಸಿಗುತ್ತಿತ್ತು, ಹೊಗೆಯಿಲ್ಲದ ಮದ್ದಿನದೂ ಸಿಗುತ್ತಿತ್ತು. ಕರಿಮದ್ದು ಬಿಡುವ ಮಸಿ ಬೋಲ್ಟಿನ ಜಾಡನ್ನು ಬೇಗನೆ ಕಟ್ಟಿಹಾಕುತ್ತದೆ. ಗಿರಾಕಿ ಯಾವುದನ್ನು ತಂದು ತುಂಬುತ್ತಾನೋ ಹೇಳಲಾಗದು.

ವಿಂಚೆಸ್ಟರ್ ಮಾಡಿದ್ದು ನೇರವಾದ ಕೆಲಸ. ಆ ರೈಫಲ್ಲಿಗೆಂದೇ .22 ವಿಂಚೆಸ್ಟರ್ ಆಟೋಮ್ಯಾಟಿಕ್ ಎಂಬ ಬೇರೆ ತೋಟಾ ಮಾಡಿತು. ಹೊಗೆಯಿಲ್ಲದ ಮದ್ದು ಮಾತ್ರ. ಕೇಸಿನ ಅಳತೆ ಬೇರೆ. ಗುಂಡಿನ ಮೇಣ ಕೇಸಿನೊಳಗೆ. ಲಾಂಗ್ ರೈಫಲ್ ತೋಟಾ ಅದಕ್ಕೆ ಹೊಂದುವುದೇ ಇಲ್ಲ. ರೆಮಿಂಗ್ಟನ್ ಕೂಡ ತನ್ನ ಮಾಡೆಲ್ 16 ರೈಫಲ್ಲಿಗೆ ಹೀಗೇ ತನ್ನದೊಂದು ತೋಟಾ ಮಾಡಿತು. ಅದು ವಿಂಚೆಸ್ಟರ್‌ಗೂ ಹೊಂದುವುದಿಲ್ಲ.

ಜಾನ್ ಬ್ರೌನಿಂಗ್ ವಿನ್ಯಾಸದ .22 ಸೆಮಿ ಆಟೋಮ್ಯಾಟಿಕ್ 1914ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಿಂದ ಹೊರಬಂದಾಗ ಅಂಗಡಿಯ ಮಾಮೂಲಿ ತೋಟಾವನ್ನೇ ಹಾಕುವಂತಾಯಿತು. 1933ರಲ್ಲಿ ವಿಂಚೆಸ್ಟರ್ ಕೂಡ ತನ್ನ ಹಳೆಯ ರೈಫಲನ್ನು ತಿದ್ದಿ ಮಾಡೆಲ್ 63 ಎಂದು ಲಾಂಗ್ ರೈಫಲ್ ತೋಟಾಕ್ಕೆ ತಂದಿತು. ಗಿರಾಕಿಗೆ ಅನುಕೂಲ, ಖರ್ಚು ಕಡಿಮೆ. ಜೊತೆಗೇ, ತೋಟಾ ಆರಿಸುವ ಹೊಣೆ ಕಂಪನಿಯಿಂದ ಕೊಳ್ಳುವವನ ಹೆಗಲಿಗೆ ದಾಟಿತು. ಇಂದು ಬೆಂಚಿನ ಮೇಲೆ ನಾಲ್ಕು ಡಬ್ಬಿ ಹರಡಿಕೊಂಡು ಭಾವ ನಡೆಸುವ ಪರೀಕ್ಷೆ ಆ ಹೊಣೆಯ ಮುಂದುವರಿಕೆ.

ಮರದ ತುಂಡುಗಳು

ಹೊಂದಿದ ಜೋಡಿ ಏನು ಮಾಡಬಲ್ಲದು ಎಂಬುದಕ್ಕೆ ಎರಡು ದಾಖಲೆ. 1907ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಆ್ಯಡ್ ಟೋಪರ್‌ವೈನ್ ಗಾಳಿಗೆಸೆದ ಮರದ ತುಂಡುಗಳಿಗೆ ಗುರಿಯಿಟ್ಟು 72,500ರಲ್ಲಿ 9 ಮಾತ್ರ ತಪ್ಪಿದರು. ಕೈಯಲ್ಲಿದ್ದದ್ದು ಅದೇ 1903 ಮಾಡೆಲ್, ಅದಕ್ಕೆಂದೇ ಮಾಡಿದ ತೋಟಾ. 1959ರಲ್ಲಿ ಟಾಮ್ ಫ್ರೈ ರೆಮಿಂಗ್ಟನ್‌ನ ನೈಲಾನ್ 66 ಹಿಡಿದು 1,00,010 ತುಂಡುಗಳಲ್ಲಿ 6 ಮಾತ್ರ ತಪ್ಪಿದರು. ನೈಲಾನ್ 66 ಮಾಮೂಲಿ ಲಾಂಗ್ ರೈಫಲ್ ತೋಟಾದ್ದು.

ಜನ ಇವನ್ನು ಕಣ್ಣು ಮತ್ತು ಕೈಯ ಪವಾಡವೆಂದು ಹೇಳುತ್ತಾರೆ. ಅದು ನಿಜವೇ. ತುಂಡು ಗಾಳಿಯಲ್ಲಿರುವ ಆ ಕ್ಷಣಕ್ಕೆ ಯಂತ್ರ ಸಿದ್ಧವಿರಬೇಕಾದ್ದೂ ಅಷ್ಟೇ ನಿಜ.

ನಾಲ್ಕು ಸೆಕೆಂಡು

ಮೆದು ತೋಟಾ ಎಂದರೆ ನಂಬಿಕೆಗೆ ಅರ್ಹವಲ್ಲ ಎಂದು ಬರೆದುಕೊಳ್ಳುವವನಿದ್ದೆ. ಅಷ್ಟರಲ್ಲಿ ಒಲಿಂಪಿಕ್ಸಿನ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆ ನೆನಪಾಯಿತು. ಅಲ್ಲೂ .22 ಲಾಂಗ್ ರೈಫಲ್ ತೋಟಾ, ಅಲ್ಲೂ ಸೆಮಿ ಆಟೋಮ್ಯಾಟಿಕ್. ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಇಲ್ಲಿನವರು ಬಯಸುವುದು ಕೈ ಅಲುಗಿಸದ ಮೆದು ತೋಟಾವನ್ನೇ. ಪಿಸ್ತೂಲಿನ ಬೋಲ್ಟು, ಸ್ಪ್ರಿಂಗು ಎಲ್ಲವನ್ನೂ ಅದಕ್ಕೆಂದೇ ಹೊಂದಿಸಿರುತ್ತಾರೆ. ಹಾಗಾಗಿ ಮೆದು ಎಂಬುದು ದೋಷವಲ್ಲ. ಬಲದ ತೋಟಾಕ್ಕೆ ಹೊಂದಿಸಿದ ಯಂತ್ರಕ್ಕೆ ಅದನ್ನು ಕೊಟ್ಟಾಗ ಮಾತ್ರ ದೋಷ ಹುಟ್ಟುತ್ತದೆ.

.17: ಸಿಕ್ಕಿಕೊಳ್ಳುವುದಕ್ಕಿಂತ ದೊಡ್ಡ ತೊಂದರೆ

ಹಾರ್ನಡಿ ಕಂಪನಿ 2002ರಲ್ಲಿ .17 ಎಚ್‌ಎಂಆರ್ ಎಂಬ ರಿಮ್‌ಫೈರ್ ತೋಟಾ ತಂದಿತು. ಕತ್ತು ಸಣ್ಣದಾದ ಕೇಸು, 17 ಗ್ರೇನ್ ಗುಂಡು, ಸೆಕೆಂಡಿಗೆ 2550 ಅಡಿ. ಅದಕ್ಕೆ ಬ್ಲೋಬ್ಯಾಕ್ ರೈಫಲ್‌ಗಳೂ ಬಂದವು. ಆ ದಶಕದ ಕೊನೆಯ ಹೊತ್ತಿಗೆ ರೆಮಿಂಗ್ಟನ್ ತನ್ನ ಮಾಡೆಲ್ 597ರ .17 ರೈಫಲ್‌ಗಳನ್ನು ವಾಪಸು ಕರೆಯಬೇಕಾಯಿತು. ಈ ತೋಟಾ ಸೆಮಿ ಆಟೋಮ್ಯಾಟಿಕ್‌ಗೆ ತಕ್ಕದ್ದಲ್ಲ ಎಂದು ತೋಟಾ ಒದಗಿಸುವವರೇ ತಿಳಿಸಿದ್ದರು. ಬೀಗವಿಲ್ಲದ ಬೋಲ್ಟ್ ಒತ್ತಡ ಇಳಿಯುವ ಮೊದಲೇ ಸರಿದರೆ ತೆಳು ಕೇಸಿಗೆ ಹಿಂದೆ ಆಧಾರ ತಪ್ಪಿ ಅದು ಒಡೆಯಬಹುದು. ಅಲ್ಲಿಗೆ ಇದು ಬೇಸರದ ಮಾತಾಗಿ ಉಳಿಯುವುದಿಲ್ಲ; ಕಣ್ಣು, ಕೈಗಳ ಮಾತು.

2015ರಲ್ಲಿ ಸ್ಯಾವೇಜ್ ಕಂಪನಿ ಎ17 ತಂದಿತು. ಒತ್ತಡ ಇಳಿಯುವವರೆಗೆ ಬೋಲ್ಟನ್ನು ತಡೆದು ಹಿಡಿಯುವ ಚಿಕ್ಕ ಕೊಂಡಿ ಅದರಲ್ಲಿದೆ. ಜೊತೆಗೇ ಸಿಸಿಐ ಅದೇ ಹೆಸರಿನ ತೋಟಾವನ್ನೂ ತಂದಿತು, 17 ಗ್ರೇನ್, 2650 ಅಡಿ. ನೂರಕ್ಕೂ ಹೆಚ್ಚು ವರ್ಷದ ನಂತರ ಮತ್ತೆ 1903ರ ದಾರಿ: ರೈಫಲ್ಲನ್ನೂ ತೋಟಾವನ್ನೂ ಒಟ್ಟಿಗೇ ಯೋಚಿಸುವುದು.

ಪುಸ್ತಕಕ್ಕೆ ಏರುವ ಸಾಲು

“ಈ ರೈಫಲ್ ನಂಬಬಹುದಾ ಭಾವ?” ಎಂದು ಈಗ ಕೇಳುವುದಿಲ್ಲ. ಯಾವ ಡಬ್ಬಿಯ ಜೊತೆ, ಯಾವ ಚೇಂಬರು, ಎಂಥ ಹವೆ, ಒರೆಸಿ ಎಷ್ಟು ಹೊತ್ತಾಯಿತು ಎಂದು ಕೇಳುತ್ತೇನೆ. ಭಾವನೂ ಹಾಗೇ ಉತ್ತರ ಹೇಳುತ್ತಾನೆ. ಕೊಳ್ಳುವವರಿಗೆ ಅವನು ಕೊಡುವ ಸಲಹೆಯೂ ಇಷ್ಟೇ: ಒಂದೇ ಬಗೆಯ ದೊಡ್ಡ ಡಬ್ಬಿ ತರಬೇಡಿ, ನಾಲ್ಕೈದು ಬಗೆಯ ಚಿಕ್ಕ ಡಬ್ಬಿ ತಂದು, ಸ್ವಚ್ಛ ಮಾಡಿದ ರೈಫಲ್ಲಿನಲ್ಲಿ ಹೊಡೆದು, ಅದೇ ರೈಫಲ್ ಕೊಳೆಯಾದ ಮೇಲೂ ಹೊಡೆದು, ಎಲ್ಲಿ ಯಾವ ರೀತಿ ಸಿಕ್ಕಿಕೊಂಡಿತು ಎಂದು ಬರೆದಿಡಿ. ಕೈಪಿಡಿ ಬೇಡವೆಂದ ತೋಟಾವನ್ನು ಪರೀಕ್ಷೆಗೂ ಹಾಕಬೇಡಿ.

ಹಳೆಯ ಪುಟಗಳಲ್ಲಿ ನಾನು ಬರೆದಿದ್ದ “ಒಳ್ಳೆಯ ರೈಫಲ್”, “ಕೆಟ್ಟ ತೋಟಾ” ಎಂಬ ಎರಡು ಪಟ್ಟಿಗಳಿಗೆ ಇನ್ನು ಕೆಲಸವಿಲ್ಲ. ಹೊಸ ಪಟ್ಟಿಯಲ್ಲಿ ರೈಫಲ್, ತೋಟಾ, ಹವೆ ಮೂರಕ್ಕೂ ಒಂದೇ ಸಾಲು. ಮೂರರಲ್ಲಿ ಒಂದು ಬದಲಾದರೂ ಹೊಸ ಸಾಲು ಶುರು.